ಅಜ್ಜಿ ನಡೆದ ದಾರಿಯಲ್ಲಿ, ಅರಸೀಕೆರೆಯಿಂದ ಬೇಲೂರಿಗೆ

ಇದು ಶುರುವಾಗಿದ್ದು ಒಂದು ಪಿಡಿಎಫ್‌ನಿಂದ.

ಅಪ್ಪ ತೀರಿಕೊಂಡು ವರ್ಷ ತುಂಬುತ್ತಾ ಬಂದಿತ್ತು. ಊರಿನ ಜಮೀನು ಇನ್ನೂ ಅಜ್ಜನ ಹೆಸರಿನಲ್ಲೇ ಇದೆ. ಪೌತಿ ಖಾತೆ ಮಾಡಿಸಿಬಿಡೋಣ ಅಂದರು ದೊಡ್ಡಪ್ಪ. ಪೌತಿ ಖಾತೆ ಅಂದಮೇಲೆ ವಂಶವೃಕ್ಷ ಬೇಕು. 'ನೀನು ಕಂಪ್ಯೂಟರ್ ಕೆಲಸದವನು, ನೀಟಾಗಿ ಟೈಪ್ ಮಾಡಿ ಕಳ್ಸಪ್ಪ' ಅಂದರು. ಒಂದು ಶನಿವಾರ ರಾತ್ರಿ ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಕೂತು ಬಾಕ್ಸ್ ಬಾಕ್ಸ್ ಹಾಕಿ, ಗೆರೆ ಎಳೆದು, ಚೆಂದ ಮಾಡಿದೆ. ಮೇಲೆ ಅಜ್ಜ-ಅಜ್ಜಿ. ಕೆಳಗೆ ದೊಡ್ಡಪ್ಪ-ದೊಡ್ಡಮ್ಮ, ಅಪ್ಪ-ಅಮ್ಮ. ಅದರ ಕೆಳಗೆ ನಾವು ಮೂವರು ಮೊಮ್ಮಕ್ಕಳು, ಮೂವರೂ ಗಂಡು. ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ಸಾಲಾಗಿ ಹೆಬ್ಬೆರಳುಗಳು ಬಂದವು.

ಬೆಳಿಗ್ಗೆ ಎದ್ದು ನೋಡಿದರೆ ಬೇಲೂರಿನಿಂದ ಅತ್ತೆಯ ವಾಯ್ಸ್ ಮೆಸೇಜ್. ಹನ್ನೊಂದು ಸೆಕೆಂಡಿನದು.

'ಚೆನ್ನಾಗಿ ಮಾಡಿದ್ದೀಯ ಕಣೋ ಮಗಾ. ನಾನು ಯಾವ ಬಾಕ್ಸಲ್ಲಿದ್ದೀನಿ ಅಂತ ಒಂಚೂರು ತೋರ್ಸು.'

ನಿಜ ಹೇಳ್ತೀನಿ, ಅದು ಮರೆತು ಆದ ತಪ್ಪಲ್ಲ. ಊರಲ್ಲಿ ತಿಳಿದವರು ಅನ್ನಿಸಿಕೊಂಡ ಒಬ್ಬರು ಮೊದಲೇ ಹೇಳಿದ್ದರು, 'ಹೆಣ್ಮಕ್ಕಳನ್ನ ಹಾಕಿದ್ರೆ ಸಹಿ, ಬಿಡುಗಡೆ ಪತ್ರ ಅಂತ ಓಡಾಟ ಜಾಸ್ತಿ, ಈಗ ಬಿಟ್ಟುಬಿಡಿ' ಅಂತ. ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಕಾನೂನು ತಿದ್ದುಪಡಿಯಾಗಿದ್ದು 2005ರಲ್ಲಿ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಅತ್ತೆಗೆ ಏನು ಉತ್ತರ ಕೊಡಬೇಕು ಅಂತ ತೋಚದೆ ಒಂದು ನಗುವ ಇಮೋಜಿ ಹಾಕಿದೆ. ಅದಕ್ಕೆ ಅವರು ಏನೂ ಹೇಳಲಿಲ್ಲ.

ಅಪ್ಪನ ವರ್ಷದ ತಿಥಿಗೆ ಅತ್ತೆ ಊರಿಗೆ ಬಂದರು. ಮಾರನೇ ದಿನ ಅವರನ್ನು ಬೇಲೂರಿಗೆ ಬಿಟ್ಟು ಬರುವ ಕೆಲಸ ನನಗೆ ಬಿತ್ತು. ಈ ಬರಹ ಆ ಒಂದು ದಿನದ ಪ್ರಯಾಣದ್ದು. ದಾರಿ ಸುಮಾರು 60 ಕಿಲೋಮೀಟರ್. ಅರಸೀಕೆರೆ, ಬಾಣಾವರ, ಜಾವಗಲ್, ಹಳೇಬೀಡು, ಬೇಲೂರು. ಇದೇ ದಾರಿಯಲ್ಲಿ ನೂರೈವತ್ತು ವರ್ಷದ ಹಿಂದೆ ನಮ್ಮ ಮನೆಯ ಇನ್ನೊಬ್ಬ ಹೆಂಗಸು ನಡೆದುಹೋಗಿದ್ದಳು. ಅವಳೂ ಯಾವ ಬಾಕ್ಸಿನಲ್ಲೂ ಇರಲಿಲ್ಲ.

ಹೆಳವರ ಪುಸ್ತಕ

ಅವಳ ಸುದ್ದಿ ನನ್ನ ಕಿವಿಗೆ ಬಿದ್ದಿದ್ದು ಅದಕ್ಕೂ ಎರಡು ತಿಂಗಳ ಮುಂಚೆ. ಸಂಕ್ರಾಂತಿ ಮುಗಿದಿತ್ತು, ಕಣದಲ್ಲಿ ರಾಗಿ ಆಗಿತ್ತು. ಊರಿಗೆ ಹೋಗಿದ್ದಾಗ ಹೆಳವರು ಬಂದರು.

ಹೆಳವರು ಯಾರು ಅಂತ ಗೊತ್ತಿಲ್ಲದ ಓದುಗರಿಗೆ ಒಂದು ಮಾತು. ಇವರು ಮನೆತನಗಳ ವಂಶಾವಳಿ ಇಟ್ಟುಕೊಂಡು ಊರೂರು ತಿರುಗುವ ಸಮುದಾಯ. ಒಂದೊಂದು ಹೆಳವರ ಕುಟುಂಬಕ್ಕೆ ಇಂತಿಂಥ ಊರು, ಇಂತಿಂಥ ಮನೆ ಅಂತ ಹಂಚಿಕೆ ಇರುತ್ತದೆ. ಕೆಲವು ವರ್ಷಕ್ಕೊಮ್ಮೆ ಬಂದು ಮನೆ ಮುಂದೆ ನಿಂತು, ನಿಮ್ಮ ಮೂಲ ಯಾವುದು, ಮನೆದೇವರು ಯಾವುದು, ಯಾರಿಗೆ ಯಾರು ಹುಟ್ಟಿದರು, ಯಾರು ಊರು ಬಿಟ್ಟರು, ಎಲ್ಲಾ ಒಂದೇ ಉಸಿರಿಗೆ ಹೇಳುತ್ತಾರೆ. ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಳ್ಳುತ್ತಾರೆ. ರಾಗಿ, ಬಟ್ಟೆ, ದುಡ್ಡು, ಶಕ್ತಿ ಇದ್ದರೆ ಒಂದು ಕುರಿ ಕೊಟ್ಟು ಕಳಿಸುವುದು ವಾಡಿಕೆ. ಹಿಂದೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತಾ ಬರುತ್ತಿದ್ದರು. ನಮ್ಮ ಮನೆಗೆ ಬಂದವರು ಬೈಕಲ್ಲಿ ಬಂದರು. ಗಂಟೆ ಮಾತ್ರ ಬ್ಯಾಗಿನಲ್ಲಿತ್ತು.

ನಾನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಆರು ತಲೆಮಾರು ಹೇಳಿದರು. ನನ್ನ ಮುತ್ತಜ್ಜನ ಹತ್ತಿರ ಬಂದಾಗ ಹೀಗೆ ಬಂತು: ಧಾತು ಈಶ್ವರ ಬರದಲ್ಲಿ ಮನೆ ಯಜಮಾನ ತೀರಿಕೊಂಡ, ಹೆಂಡತಿ ಮಗನನ್ನು ಕರಕೊಂಡು ಬೇಲೂರು ಸೀಮೆಗೆ ಹೋದಳು, ಮಳೆ ಹಿಡಿದ ಮೇಲೆ ತಿರುಗಿ ಬಂದು ಒಲೆ ಹಚ್ಚಿದಳು. ಆ ಮಗನೇ ನನ್ನ ಮುತ್ತಜ್ಜ.

'ಆಯಮ್ಮನ ಹೆಸರೇನು?' ಅಂತ ಕೇಳಿದೆ.

ಅವರು ಪುಸ್ತಕ ನೋಡಿದರು. 'ಹೆಣ್ಮಕ್ಕಳ ಹೆಸರು ಇಲ್ಲ ಸ್ವಾಮಿ. ಗಂಡುಮಕ್ಕಳ ಸಾಲು ಮಾತ್ರ. ನಮ್ಮ ಹಿಂದಿನೋರು ಹಂಗೇ ಬರ್ಕೊಂಡು ಬಂದವ್ರೆ.'

ಒಂದು ಮನೆ ನಾಶವಾಗದ ಹಾಗೆ ಹಿಡಿದು ನಿಲ್ಲಿಸಿದವಳು ಅವಳು. ಅವಳು ವಾಪಸ್ ಬರದೇ ಇದ್ದಿದ್ದರೆ ಹೆಳವರ ಪುಸ್ತಕದ ಆ ಪುಟವೇ ಅಲ್ಲಿಗೆ ನಿಲ್ಲುತ್ತಿತ್ತು. ಹೆಸರು ಮಾತ್ರ ಇಲ್ಲ. ಆಗ ನನಗೆ ಇದು ಅನ್ಯಾಯ ಅಂತ ಬಲವಾಗಿ ಅನ್ನಿಸಿತ್ತು. ಅದಾದ ಮುಂದಿನ ತಿಂಗಳೇ ನಾನು ಆ ಪಿಡಿಎಫ್ ಮಾಡಿದೆ. ಎರಡಕ್ಕೂ ಸಂಬಂಧ ಇದೆ ಅಂತ ನನಗೆ ಹೊಳೆಯಲೇ ಇಲ್ಲ ನೋಡಿ.

ಅರಸೀಕೆರೆ: ಕೆರೆ, ಕೊಬ್ಬರಿ, ಬರ

ಬೆಳಿಗ್ಗೆ ಊರಿಂದ ಹೊರಟು ಮೊದಲು ಅರಸೀಕೆರೆ ಪೇಟೆಗೆ ಬಂದೆವು. ನಮ್ಮಲ್ಲಿ ಬಹಳ ಜನರಿಗೆ ಅರಸೀಕೆರೆ ಅಂದರೆ ಜಂಕ್ಷನ್. ರೈಲು ನಿಂತಾಗ ಕಾಫಿ ಕುಡಿದು ಮುಂದೆ ಹೋಗುವ ಊರು. ಆದರೆ ಪೇಟೆಯಲ್ಲೇ ಒಂದು ಚೆಂದದ ಹೊಯ್ಸಳರ ಶಿವಾಲಯ ಇದೆ, 1220ರದ್ದು. ಅದರ ಮುಂದಿನ ಮಂಟಪ ನಕ್ಷತ್ರದ ಆಕಾರದಲ್ಲಿದೆ. ಬೇಲೂರು-ಹಳೇಬೀಡಿನ ಗಲಾಟೆ ಇಲ್ಲಿಲ್ಲ. ನಾವು ಹೋದಾಗ ಮಂಟಪದ ಕಲ್ಲುಬೆಂಚಿನ ಮೇಲೆ ಇಬ್ಬರು ಕಾಲೇಜು ಹುಡುಗರು ನೋಟ್ಸ್ ಓದುತ್ತಾ ಕೂತಿದ್ದರು, ಅಷ್ಟೇ.

ಅರಸಿಯ ಕೆರೆ, ಅಂದರೆ ರಾಣಿ ಕಟ್ಟಿಸಿದ ಕೆರೆ, ಅದೇ ಊರಿನ ಹೆಸರಾಯಿತು. ನೀರಿನ ಹೆಸರು ಹೊತ್ತ ಊರಾದರೂ ಇದು ಒಣ ಸೀಮೆ. ರಾಗಿ, ಹುರುಳಿ, ತೆಂಗು. ಬೇಲೂರಿನ ಪಶ್ಚಿಮಕ್ಕೆ ಮಲೆನಾಡು ಶುರುವಾಗುತ್ತದೆ, ಆದರೆ ಆ ಮಳೆ ನಮ್ಮ ಕಡೆ ಬರುವಷ್ಟರಲ್ಲಿ ಸುಸ್ತಾಗಿರುತ್ತದೆ. ನಮ್ಮಜ್ಜ ಹೇಳುತ್ತಿದ್ದರಂತೆ, ಮೋಡ ನಮ್ಮೂರ ಮೇಲೆ ನೆಂಟರ ಹಾಗೆ ಹಾದುಹೋಗುತ್ತೆ, ಊಟಕ್ಕೆ ನಿಲ್ಲಲ್ಲ ಅಂತ.

1876ರಲ್ಲಿ ಆ ಮೋಡವೂ ಬರಲಿಲ್ಲ. ಅದು ಧಾತು ಸಂವತ್ಸರ. ಮುಂದಿನದು ಈಶ್ವರ. ಎರಡು ವರ್ಷ ಸೇರಿಸಿ ಹಳೇ ಮೈಸೂರಿನ ಜನ ಅದನ್ನು ಧಾತು ಈಶ್ವರ ಬರ ಅಂದರು. ಮೈಸೂರು ಸಂಸ್ಥಾನ ಆಗ ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಗಂಜಿ ಕೇಂದ್ರಗಳನ್ನು ತೆರೆದರು. ಬೆಂಗಳೂರು-ಮೈಸೂರು ರೈಲುದಾರಿಯ ಕೆಲಸಕ್ಕೆ ಹಸಿದ ಜನರನ್ನು ಹಚ್ಚಿದರು. ಅದು ಸಾಕಾಗಲಿಲ್ಲ. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50 ಲಕ್ಷ 55 ಸಾವಿರ. 1881ರಲ್ಲಿ ಮತ್ತೆ ಎಣಿಸಿದಾಗ 41 ಲಕ್ಷ 86 ಸಾವಿರ. ಹತ್ತು ವರ್ಷದಲ್ಲಿ ಬೆಳೆಯಬೇಕಿದ್ದ ನಾಡು ಎಂಟೂವರೆ ಲಕ್ಷಕ್ಕಿಂತ ಹೆಚ್ಚು ಜನರನ್ನು ಕಳಕೊಂಡಿತ್ತು. ಆರು ಜನರಲ್ಲಿ ಒಬ್ಬರ ಲೆಕ್ಕ.

ನಮ್ಮ ಟೀಮಿನಲ್ಲಿ ಅಮೆರಿಕದ ಒಬ್ಬ ಇದ್ದಾನೆ. ಹಳ್ಳಿಗಾಡಿನ ರೈತರ ಮನೆಯವನು. ಅವನ ಮುತ್ತಜ್ಜಿಯ ತಾಯಿ ಯಾವ ಹಳ್ಳಿಯಲ್ಲಿದ್ದಳು, ಆ ವರ್ಷ ಅವಳಿಗೆ ಎಷ್ಟು ವಯಸ್ಸು, ಮನೆಯಲ್ಲಿ ಎಷ್ಟು ಮಕ್ಕಳು ಅಂತ ಮೀಟಿಂಗ್ ಮಧ್ಯೆ ಎರಡು ನಿಮಿಷದಲ್ಲಿ ತೆಗೆದು ತೋರಿಸಿದ. ಅಲ್ಲಿ 1850ರ ಜನಗಣತಿಯಿಂದಲೇ ಮನೆಯ ಪ್ರತಿಯೊಬ್ಬರ ಹೆಸರು ಬರೆದಿದ್ದಾರೆ, ಹೆಂಗಸರು, ಮಕ್ಕಳು ಸೇರಿ. ಹಾಗಂತ ಅಲ್ಲೂ ಎಲ್ಲರದ್ದೂ ಇಲ್ಲ. ಗುಲಾಮರಾಗಿದ್ದವರನ್ನು ಬೇರೆ ಪಟ್ಟಿಯಲ್ಲಿ ಒಡೆಯನ ಹೆಸರಿನ ಕೆಳಗೆ ಬರೀ ವಯಸ್ಸು, ಗಂಡೋ ಹೆಣ್ಣೋ ಅಂತ ಬರೆದರು. ಹೆಸರು ಯಾರದ್ದು ಬರೆಯಬೇಕು ಅನ್ನುವುದನ್ನು ಎಲ್ಲ ಕಡೆಯೂ ಬರೆಯುವವರೇ ತೀರ್ಮಾನ ಮಾಡಿದ್ದಾರೆ. ನಮ್ಮ 1871ರ ಎಣಿಕೆಯಿಂದ ನನ್ನಂಥವನಿಗೆ ಸಿಗುವುದು ಸಂಖ್ಯೆ ಮಾತ್ರ. ಆ 50 ಲಕ್ಷದಲ್ಲಿ ಅವಳೂ ಒಂದು.

ಕಡತ ಅಂದರೆ ಏನು ಗೊತ್ತಾ?

ಬಾಣಾವರದ ಹತ್ತಿರ ರೈಲುದಾರಿ ಪಕ್ಕದಲ್ಲೇ ಬರುತ್ತದೆ. 1889ರ ಹೊತ್ತಿಗೆ ಬೆಂಗಳೂರಿನಿಂದ ಹರಿಹರದವರೆಗೆ ರೈಲು ಓಡಿತು. ನನ್ನ ಮುತ್ತಜ್ಜ ಆಗ ಹದಿನೈದು-ಹದಿನಾರರ ಹುಡುಗ. ಮೊದಲ ಸಲ ರೈಲು ನೋಡಿ, ಎತ್ತು ಎಲ್ಲಿ ಕಟ್ಟಿದ್ದಾರೆ ಅಂತ ಹುಡುಕಿದನಂತೆ. ಈ ಕಥೆ ಬಹುಶಃ ಕರ್ನಾಟಕದ ಪ್ರತಿ ಮನೆಯಲ್ಲೂ ಇದೆ. ಇರಲಿ, ನಮ್ಮ ಮನೆಯಲ್ಲೂ ಇದೆ.

ದಾರಿಯಲ್ಲಿ ಅತ್ತೆಗೆ ನನ್ನ ಹುಡುಕಾಟದ ವರದಿ ಕೊಟ್ಟೆ. ಪಹಣಿ ಆನ್‌ಲೈನಿನಲ್ಲಿ ಸಿಗುತ್ತದೆ, ಆದರೆ ತುಂಬಾ ಹಿಂದಕ್ಕೆ ಹೋಗುವುದಿಲ್ಲ. ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಅರ್ಜಿ ಹಾಕಿ ಮಹಾರಾಜರ ಕಾಲದ ಐಎಲ್‌ಆರ್‌ಆರ್ ನಕಲು ತೆಗೆಸಿದೆ. ಮುತ್ತಜ್ಜನ ಹೆಸರು ಇತ್ತು. ಮುಂದೆ 'ಬಿನ್' ಅಂತ ಬರೆದು ಅವನ ಅಪ್ಪನ ಹೆಸರು. ಬಿನ್ ಅಂದರೆ ಇಂಥವರ ಮಗ. ಹೆಂಗಸರಾದರೆ 'ಕೋಂ' ಅಂತ ಬರೆದು ಗಂಡನ ಹೆಸರು. ನಾನು 'ಕೋಂ' ಇರುವ ಒಂದು ಸಾಲಿಗಾಗಿ ಎರಡು ಸಲ ಹುಡುಕಿದೆ. ಇರಲಿಲ್ಲ. ಬರದಲ್ಲಿ ಊರು ಬಿಟ್ಟುಹೋಗಿ ತಿರುಗಿ ಬಂದು ಆ ಹೊಲ ಉಳಿಸಿಕೊಂಡವಳು ಅವಳು, ಕಾಗದ ಬರೆಯುವ ಹೊತ್ತಿಗೆ ಮಗ ದೊಡ್ಡವನಾಗಿದ್ದ.

ಅದಕ್ಕೂ ಹಿಂದಿನದು ಶಾನುಭೋಗರ ಮನೆಯಲ್ಲಿರಬಹುದು ಅಂತ ಪಕ್ಕದ ಊರಿನ ಹಳೇ ಶಾನುಭೋಗರ ಮನೆಗೂ ಹೋಗಿದ್ದೆ. ವಂಶಪಾರಂಪರ್ಯ ಶಾನುಭೋಗಿಕೆ, ಪಟೇಲಿಕೆ 1963ರಲ್ಲಿ ರದ್ದಾದವು. ಈಗಿನ ಹಿರಿಯರು ರಿಟೈರ್ಡ್ ಮೇಷ್ಟ್ರು. ಕಾಫಿ ಕೊಟ್ಟು ಒಂದು ವಿಷಯ ಹೇಳಿದರು. ನಾವು ಆಫೀಸಿನಲ್ಲಿ 'ಕಡತ ವಿಲೇವಾರಿ' ಅಂತೀವಲ್ಲ, ಆ ಕಡತ ಮೊದಲು ಬಟ್ಟೆಯದು. ಉದ್ದನೆಯ ಬಟ್ಟೆಗೆ ಹುಣಿಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪಗೆ ಗಟ್ಟಿ ಮಾಡಿ, ಮಡಿಸಿ, ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಸ್ಲೇಟಿನ ಹಾಗೆ. ಬೇಡವಾದಾಗ ಒರೆಸಿ, ಮತ್ತೆ ಮಸಿ ಬಳಿದು, ಮತ್ತೆ ಬರೆಯುವುದು.

'ಹಾಗಾದ್ರೆ ಅವಳ ಹೆಸರು ಬರೆದಿದ್ರೂ ಒರೆಸಿರ್ತಾರೆ ಬಿಡು' ಅಂದರು ಅತ್ತೆ, ಕಿಟಕಿ ಕಡೆ ನೋಡುತ್ತಾ.

ಜಾವಗಲ್‌ನಲ್ಲಿ ಟೀ ಕುಡಿದೆವು. ಕ್ರಿಕೆಟ್ ನೋಡುವವರಿಗೆ ಈ ಊರಿನ ಹೆಸರು ಶ್ರೀನಾಥ್ ಇನಿಷಿಯಲ್‌ನಲ್ಲೇ ಗೊತ್ತು. ಇಲ್ಲೂ ಹದಿಮೂರನೇ ಶತಮಾನದ ಲಕ್ಷ್ಮೀನರಸಿಂಹ ದೇವಸ್ಥಾನ ಇದೆ, ಪುರುಸೊತ್ತಿದ್ದರೆ ಇಳಿದು ನೋಡಿ. ನಾವು ಇಳಿಯಲಿಲ್ಲ. ಅತ್ತೆಗೆ ಹಳೇಬೀಡಿನ ಕೆರೆ ಹತ್ತಿರ ನಿಲ್ಲಿಸಬೇಕಿತ್ತು.

ಹಳೇಬೀಡಿನ ಕೆರೆ ಏರಿ

ಹಳೇಬೀಡಿಗೆ ನಾನು ಸ್ಕೂಲ್ ಟ್ರಿಪ್ಪಿನಲ್ಲಿ, ಆಮೇಲೆ ಆಫೀಸಿನ ಗೆಳೆಯರ ಜೊತೆ, ಹೀಗೆ ನಾಲ್ಕೈದು ಸಲ ಬಂದಿದ್ದೇನೆ. ಪ್ರತಿ ಸಲವೂ ದೇವಸ್ಥಾನ ನೋಡಿ, ಫೋಟೋ ತೆಗೆದು, ಎಳನೀರು ಕುಡಿದು ಹೋಗಿದ್ದೇನೆ. ಪಕ್ಕದಲ್ಲೇ ಇರುವ ದ್ವಾರಸಮುದ್ರದ ಕೆರೆಗೆ ಬೆನ್ನು ಹಾಕಿಯೇ ಸೆಲ್ಫಿ ತೆಗೆದಿದ್ದು. ಅತ್ತೆ ದೇವಸ್ಥಾನಕ್ಕೆ ಹೋಗುವ ಮೊದಲು ಕೆರೆ ಕಡೆ ನಡೆದರು. ಮೊಣಕಾಲು ನೋವು, ನಿಧಾನಕ್ಕೆ. ನೀರು ಕಾಣುವ ಕಡೆ ಒಂದು ಕಲ್ಲಿನ ಮೇಲೆ ಕೂತರು.

'ಇಲ್ಲೇ ಅಂತೆ ಕಣೋ' ಅಂದರು.

'ಏನು ಅತ್ತೆ?'

'ಅವಳ ಜೊತೆ ಇಬ್ಬರು ಮಕ್ಕಳಿದ್ರು. ಹೆಳವರು ಒಂದು ಹೇಳಿದ್ರು ಅಂದ್ಯಲ್ಲ, ಇಬ್ಬರಿದ್ರು. ದೊಡ್ಡದು ಗಂಡು, ನಿಮ್ಮ ಮುತ್ತಜ್ಜ. ಚಿಕ್ಕದು ಹೆಣ್ಣು. ಕಂಕುಳಲ್ಲಿ ಎತ್ಕೊಂಡಿದ್ಳಂತೆ. ಊರಿಂದ ನಾಲ್ಕನೇ ದಿನ ಇಲ್ಲಿಗೆ ಬಂದು ನೀರು ಕುಡಿಸೋಕೆ ಇಳಿಸಿದ್ರೆ, ಮಗು ಇರ್ಲಿಲ್ಲ. ನಮ್ಮಪ್ಪ ನಂಗೆ ಮದುವೆ ಮಾಡಿ ಬೇಲೂರಿಗೆ ಕಳಿಸುವಾಗ ಬಸ್ಸು ಇಲ್ಲಿ ನಿಂತಿತ್ತು. ಆಗ ಹೇಳಿದ್ರು. ಅವತ್ತು ಒಂದೇ ದಿನ. ಮುಂಚೆಯೂ ಹೇಳಿಲ್ಲ, ಆಮೇಲೂ ಹೇಳಿಲ್ಲ.'

ಅಜ್ಜನಿಗೆ ಇದನ್ನು ಹೇಳಿದವಳು ಸ್ವತಃ ಅವಳೇ. ಲೆಕ್ಕ ಹಾಕಿ ನೋಡಿದೆ. ಬರದ ಕಾಲಕ್ಕೆ ಅವಳಿಗೆ ಇಪ್ಪತ್ತೈದರ ಆಸುಪಾಸು. ಅಜ್ಜ ಹುಟ್ಟಿದ್ದು 1918ರಲ್ಲಿ. ಅಜ್ಜನಿಗೆ ಬುದ್ಧಿ ಬರುವವರೆಗೂ ಅವಳು ಬದುಕಿದ್ದಳು. ನೂರೈವತ್ತು ವರ್ಷ ಅಂದರೆ ಎಷ್ಟೋ ದೂರ ಅಂದುಕೊಂಡಿದ್ದೆ. ಅವಳಿಂದ ಅಜ್ಜನಿಗೆ, ಅಜ್ಜನಿಂದ ಅತ್ತೆಗೆ, ಅತ್ತೆಯಿಂದ ನನಗೆ. ನಡುವೆ ಇದ್ದಿದ್ದು ಎರಡೇ ಬಾಯಿ.

ಹೊಯ್ಸಳೇಶ್ವರ ದೇವಸ್ಥಾನದ ಕೆಲಸ ಶುರುವಾದದ್ದು 1121ರಲ್ಲಿ. 1311ರಲ್ಲಿ ಮಲಿಕ್ ಕಾಫರ್‌ನ ಸೈನ್ಯ ಬಂತು, ಮುಂದೆ ರಾಜಧಾನಿ ಹಾಳಾಯಿತು, ಬೀಡು ಹಳೇಬೀಡಾಯಿತು. ಈ ದೇವಸ್ಥಾನದ ಫೋಟೋಗಳನ್ನು ಓಕ್ಲಿ ಅನ್ನುವ ಬ್ರಿಟಿಷ್ ಸೇನಾಧಿಕಾರಿ 1850ರ ದಶಕದಲ್ಲೇ ತೆಗೆದ. 1859ರಲ್ಲಿ ಅವು ಪುಸ್ತಕವಾಗಿ ಬಂದವು. ಅಂದರೆ ಅವಳು ಈ ದಾರಿಯಲ್ಲಿ ನಡೆಯುವುದಕ್ಕೆ ಇಪ್ಪತ್ತು ವರ್ಷ ಮುಂಚೆಯೇ ಇಲ್ಲಿನ ಕಲ್ಲಿನ ಆನೆಗಳ ಚಿತ್ರ ಸಮುದ್ರ ದಾಟಿ ಹೋಗಿತ್ತು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಒಳ್ಳೆಯದೇ. ಕಲ್ಲುಗಳನ್ನು ನಾವು ಚೆನ್ನಾಗಿ ನೆನಪಿಟ್ಟುಕೊಂಡಿದ್ದೇವೆ.

ಅಲ್ಲಿ ಒಂದು ಕಂಬ ಇದೆ, ಬಹಳ ಜನ ನೋಡದೆ ಹೋಗುವಂಥದ್ದು. ಇಮ್ಮಡಿ ಬಲ್ಲಾಳನ ಆಪ್ತ ದಂಡನಾಯಕ ಕುವರ ಲಕ್ಷ್ಮನ ನೆನಪಿನ ಗರುಡಗಂಬ. ದೊರೆ ಸತ್ತಾಗ, ಕೊಟ್ಟ ಮಾತಿನಂತೆ ಲಕ್ಷ್ಮನೂ ಅವನ ಕಡೆಯ ಗರುಡರೂ ಪ್ರಾಣ ಕೊಟ್ಟರು. ಕಂಬದ ಮೇಲೆ ತಮ್ಮ ತಲೆಯನ್ನು ತಾವೇ ಕೊಯ್ದುಕೊಳ್ಳುವ ವೀರರ ಚಿತ್ರಗಳಿವೆ. ಶಾಸನದಲ್ಲಿ ಅವನ ಹೆಂಡತಿಯ ಹೆಸರೂ ಇದೆ, ಸುಗ್ಗಲದೇವಿ. ಅತ್ತೆಗೆ ಓದಿದ್ದನ್ನು ಹೇಳಿದೆ. 'ಸತ್ತಿದ್ದಕ್ಕೆ ಹೆಸರು ಬರೆದ್ರು. ಇವಳು ಬದುಕಿದ್ಳು ನೋಡು, ಅದಕ್ಕೇ ಬರೀಲಿಲ್ಲ' ಅಂದರು.

ಬೇಲೂರಿನ ಸಹಿಗಳು

ಹಳೇಬೀಡಿನಿಂದ ಬೇಲೂರಿಗೆ 16 ಕಿಲೋಮೀಟರ್. ಹೋಗುತ್ತಾ ಹೋಗುತ್ತಾ ಹಸಿರು ಏರುತ್ತದೆ. ಅವಳು ಬೇಲೂರು ಸೀಮೆಗೆ ಯಾಕೆ ಬಂದಳು ಅನ್ನುವುದು ಕಿಟಕಿಯಿಂದಲೇ ಅರ್ಥವಾಗುತ್ತದೆ. ಆಗ ಮಂಜರಾಬಾದಿನ ಕಡೆ, ಅಂದರೆ ಈಗಿನ ಸಕಲೇಶಪುರದ ಸುತ್ತ, ಕಾಫಿ ತೋಟಗಳು ಎದ್ದಿದ್ದವು. ಬಯಲುಸೀಮೆಯ ಜನ 'ಘಟ್ಟಕ್ಕೆ ಹೋಗೋದು' ಅಂತ ಕೂಲಿಗೆ ಅಲ್ಲಿಗೆ ಹೋಗುತ್ತಿದ್ದರು. ಅವಳು ತೋಟದವರೆಗೂ ಹೋದಳೋ, ಬೇಲೂರಿನ ಸುತ್ತ ಗದ್ದೆ ಕೆಲಸಕ್ಕೆ ನಿಂತಳೋ, ಅತ್ತೆಗೂ ಗೊತ್ತಿಲ್ಲ. ಮನೆಯಲ್ಲಿ ಉಳಿದಿರುವ ಮಾತು ಒಂದೇ: ಮೂರು ವರ್ಷ ಬೇರೆಯವರ ಭತ್ತ ಕುಟ್ಟಿದಳು, ಆ ಊರು ಅವಳನ್ನು ಸಾಕಿತು. ನಮ್ಮ ಮನೆಯಲ್ಲಿ ಈಗಲೂ ಹೊಸ ರಾಗಿ ಬಂದಾಗ ಮೊದಲ ಹಿಡಿ ದಾರಿಹೋಕರಿಗೆ ಅಂತ ಎತ್ತಿಡುತ್ತಾರೆ. ಯಾಕೆ ಅಂತ ನಾನು ಯಾವತ್ತೂ ಕೇಳಿರಲಿಲ್ಲ.

ಚೆನ್ನಕೇಶವ ದೇವಸ್ಥಾನದಲ್ಲಿ ಎಲ್ಲರೂ ಮದನಿಕೆಯರನ್ನು ನೋಡುತ್ತಾರೆ. ಈ ಸಲ ನಾನು ಅವರ ಕಾಲ ಕೆಳಗಿನ ಅಕ್ಷರ ಹುಡುಕಿದೆ. ಇಲ್ಲಿನ ಶಿಲ್ಪಿಗಳು ಸಹಿ ಮಾಡಿದ್ದಾರೆ. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ. ಊರು, ಅಪ್ಪ, ಮಗ. ನಮ್ಮ ಪಹಣಿಯ 'ಬಿನ್' ಇದ್ದ ಹಾಗೇ. ಇವರು ಕೆತ್ತಿದ ಕಲ್ಲು ಬಳಪದ ಕಲ್ಲಿನ ಜಾತಿಯದು, ತೆಗೆದಾಗ ಮೆತ್ತಗಿದ್ದು ಆಮೇಲೆ ಗಟ್ಟಿಯಾಗುವಂಥದ್ದು. ಶಾನುಭೋಗರು ಕಡತದ ಮೇಲೆ ಬರೆದು ಒರೆಸುತ್ತಿದ್ದದ್ದೂ ಬಳಪದಲ್ಲೇ. ಒಂದು ಕಡೆ ಆ ಕಲ್ಲೇ ಹೆಸರನ್ನು ಒಂಬೈನೂರು ವರ್ಷ ಉಳಿಸಿದೆ, ಇನ್ನೊಂದು ಕಡೆ ಒಂದು ಒದ್ದೆ ಬಟ್ಟೆಗೆ ಬಿಟ್ಟುಕೊಟ್ಟಿದೆ.

ಪಕ್ಕದ ಕಪ್ಪೆ ಚೆನ್ನಿಗರಾಯನ ಗುಡಿ ಕಟ್ಟಿಸಿದ್ದು ವಿಷ್ಣುವರ್ಧನನ ರಾಣಿ ಶಾಂತಲೆ. ಅವಳ ಅಪ್ಪ ಮಾರಸಿಂಗಯ್ಯ ಅಂತ ಗೊತ್ತು. ಅಮ್ಮ ಮಾಚಿಕಬ್ಬೆ ಅಂತಲೂ ಗೊತ್ತು. ಶಾಂತಲೆ 1131ರಲ್ಲಿ ತೀರಿಕೊಂಡದ್ದು, ಆಮೇಲೆ ತಾಯಿ ಶ್ರವಣಬೆಳಗೊಳದಲ್ಲಿ ಸಲ್ಲೇಖನದಿಂದ ಪ್ರಾಣ ಬಿಟ್ಟದ್ದು, ಎಲ್ಲಾ ಶಾಸನದಲ್ಲಿದೆ. ಹನ್ನೆರಡನೇ ಶತಮಾನದ ಒಬ್ಬ ತಾಯಿಯ ಹೆಸರು ಇಲ್ಲಿ ಗೈಡ್‌ಗಳ ಬಾಯಲ್ಲಿದೆ. ರಾಣಿಯ ತಾಯಿ, ಸರಿ. ಹತ್ತೊಂಬತ್ತನೇ ಶತಮಾನದ ನಮ್ಮ ತಾಯಿಯ ಹೆಸರು ಅವಳ ಹೊಲದ ಕಾಗದದಲ್ಲೇ ಇಲ್ಲ.

ಅತ್ತೆ ಮನೆ ದೇವಸ್ಥಾನದಿಂದ ಹತ್ತು ನಿಮಿಷ. ಅಕ್ಕಿರೊಟ್ಟಿ, ಎಣ್ಣೆಗಾಯಿ ಹಾಕಿ ಕೊಟ್ಟರು. ತಿನ್ನುತ್ತಾ ಕೇಳಿದೆ.

'ಅತ್ತೆ, ಅಜ್ಜ ಇಷ್ಟೆಲ್ಲಾ ಹೇಳಿದ್ರಲ್ಲ. ಅವಳ ಹೆಸರು ಏನಂತ ಹೇಳ್ಲೇ ಇಲ್ವಾ?'

ಅತ್ತೆ ನನ್ನ ಮುಖ ನೋಡಿದರು. ಆಮೇಲೆ ನಕ್ಕರು. 'ನನ್ನ ಆಧಾರ್ ಕಾರ್ಡ್ ನೋಡು.'

ನಮ್ಮ ಮನೆಯಲ್ಲಿ ಎಲ್ಲರೂ ಅವರನ್ನು ಅಮ್ಮಣ್ಣಿ ಅಂತಲೇ ಕರೆಯುವುದು. ನಮಗೆ ಅಮ್ಮಣ್ಣಿ ಅತ್ತೆ. ಆಧಾರ್‌ನಲ್ಲಿ, ಏಳನೇ ಕ್ಲಾಸಿನ ಟಿಸಿಯಲ್ಲಿ ಬೇರೆ ಹೆಸರಿದೆ. ಸ್ವಲ್ಪ ಹಳೇ ಕಾಲದ ಹೆಸರು. ಅವರಿಗೆ ಪಿಂಚಣಿ ಅರ್ಜಿ ತುಂಬಿಕೊಟ್ಟವನು ನಾನು, ಆ ಹೆಸರು ಎಷ್ಟೋ ಸಲ ಟೈಪ್ ಮಾಡಿದ್ದೇನೆ. ಯಾಕೆ ಎರಡು ಹೆಸರು ಅಂತ ಕೇಳಿರಲಿಲ್ಲ.

'ನಾನು ಹುಟ್ಟಿದಾಗ ನಮ್ಮಪ್ಪ ಅವರಜ್ಜಿ ಹೆಸರೇ ಇಡಬೇಕು ಅಂತ ಹಟ ಮಾಡಿ ಇಟ್ರಂತೆ. ಆದ್ರೆ ನಮ್ಮಜ್ಜಿ, ಅಪ್ಪನ ತಾಯಿ, ಇನ್ನೂ ಇದ್ರಲ್ಲ. ಅವ್ರಿಗೆ ಅದು ಅತ್ತೆ ಹೆಸರು. ಸೊಸೆ ಆದೋಳು ಬಾಯಲ್ಲಿ ಹೇಳ್ತಾಳಾ? ತೊಟ್ಟಿಲಲ್ಲಿರೋ ಕೂಸನ್ನ ಅಮ್ಮಣ್ಣಿ ಅಂದ್ರು. ಅದೇ ನಿಂತುಹೋಯ್ತು.'

ಹೆಳವರ ಪುಸ್ತಕ, ಐಎಲ್‌ಆರ್‌ಆರ್ ನಕಲು, ಶಾನುಭೋಗರ ಮನೆ, ಎಲ್ಲಾ ಕಡೆ ಹುಡುಕಿದ ಹೆಸರು ಆರವತ್ತೆಂಟು ವರ್ಷದಿಂದ ನಮ್ಮ ಮನೆಯಲ್ಲೇ ಓಡಾಡುತ್ತಿತ್ತು. ಗೌರವಕ್ಕೆ ಅಂತ ಯಾರೂ ಕರೆಯಲಿಲ್ಲ. ಕರೆಯದೇ ಇದ್ದಿದ್ದಕ್ಕೆ ಮರೆತೇಹೋಯಿತು. ಆ ಹೆಸರು ಉಳಿದಿದ್ದ ಒಂದೇ ಜಾಗವನ್ನು ನಾನು ವಂಶವೃಕ್ಷದಿಂದ ತೆಗೆದು ಹಾಕಿದ್ದೆ.

ಇಷ್ಟು ಹೇಳಿ ಹೆಸರು ಬರೆಯದೇ ಇದ್ದರೆ ನಿಮಗೆ ಸಿಟ್ಟು ಬರಬಹುದು. ಕೇಳಿದೆ, ಅತ್ತೆ ಬೇಡ ಅಂದರು. 'ನನ್ನ ಆಧಾರ್ ಹೆಸರು ಊರಿಗೆಲ್ಲಾ ಯಾಕೆ? ಮನೇಲಿ ಬರಿ, ಅಲ್ಲಿ ಬರೀಬೇಕಾಗಿರೋದು.'

ಊಟ ಆದಮೇಲೆ ನಾನು ಕ್ಷಮೆ ಕೇಳಿದೆ. ಪಾಲಿನ ವಿಷಯವನ್ನೂ ತೆಗೆದೆ. ಅವರು ಮಾತು ತೇಲಿಸಲಿಲ್ಲ.

'ಪಾಲು ಬೇಕೋ ಬೇಡ್ವೋ ಅದು ನಾನು ಹೇಳೋ ಮಾತು ಕಣೋ. ಅಣ್ಣನ ಜೊತೆ ಕೂತು ಹೇಳ್ತೀನಿ. ನಾನು ಹುಟ್ಟೇ ಇಲ್ಲ ಅಂತ ನೀವ್ಯಾಕೆ ಬರೀತೀರ?'

ನೀವೂ ಹುಡುಕುವುದಾದರೆ

ಈಗ ಊರಿಗೆ ಹೋದಾಗ ನಾಲ್ಕು ಕೆಲಸ ಮಾಡಿ ಅಂತ ನನ್ನ ಸಲಹೆ. ಮನೆಯ ಹಿರಿಯರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಅದರಲ್ಲೂ ಅತ್ತೆ, ಅಜ್ಜಿಯರದ್ದು. ಕೊಟ್ಟ ಹೆಣ್ಣುಮಕ್ಕಳಿಗೆ ಮನೆಯ ಕಥೆ ಎಷ್ಟು ನೆನಪಿರುತ್ತೆ ಅನ್ನುವುದು ಆಶ್ಚರ್ಯ. ಮನೆದೇವರು ಯಾವ ಊರಿನದು ಅಂತ ಕೇಳಿ. ನಿಮ್ಮವರು ಎಲ್ಲಿಂದ ಬಂದರು ಅನ್ನುವುದರ ಸುಳಿವು ಬಹಳ ಸಲ ಅಲ್ಲೇ ಇರುತ್ತದೆ. ತಾಲ್ಲೂಕು ದಾಖಲೆ ಕೊಠಡಿಯಲ್ಲಿ ಸರ್ವೆ ನಂಬರ್ ಕೊಟ್ಟು ಹಳೇ ನಕಲು ತೆಗೆಸಿ, 'ಬಿನ್' ಜೊತೆಗೆ 'ಕೋಂ' ಸಾಲುಗಳನ್ನೂ ಓದಿ. ಊರಿನ ಶಾಸನಗಳಿಗೆ ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ' ಇದೆ. ಹಾಸನ ಜಿಲ್ಲೆಯ ಐದನೇ ಸಂಪುಟ ಬಂದದ್ದು 1902ರಲ್ಲಿ, ತಾಲ್ಲೂಕುವಾರು ಇದೆ, ಹಳೇ ಮುದ್ರಣ ನೆಟ್‌ನಲ್ಲಿ ಓದಲು ಸಿಗುತ್ತದೆ. ಮತ್ತೆ, ಮನೆಯಲ್ಲಿ ಯಾರಿಗಾದರೂ ಎರಡು ಹೆಸರಿದ್ದರೆ ಯಾಕೆ ಅಂತ ಕೇಳಿ.

ಬೆಂಗಳೂರಿಗೆ ವಾಪಸ್ ಬಂದ ರಾತ್ರಿಯೇ ಎರಡು ವಂಶವೃಕ್ಷ ಮಾಡಿದೆ. ಒಂದು ನಾಡಕಚೇರಿಗೆ. ಅಜ್ಜ-ಅಜ್ಜಿಯ ಕೆಳಗೆ ಈಗ ಮೂರು ಬಾಕ್ಸ್. ದೊಡ್ಡಪ್ಪ ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಆಯ್ತಪ್ಪ, ಸರಿಯಾಗಿರೋದನ್ನೇ ಕೊಡೋಣ. ನಮ್ಮ ಅಮ್ಮಣ್ಣಿ ಜೊತೆ ನಾನೇ ಮಾತಾಡ್ತೀನಿ' ಅಂದರು. ಆ ಮಾತು ಇನ್ನೂ ಆಗಬೇಕು. ಸುಲಭ ಇರಲಿಕ್ಕಿಲ್ಲ.

ಇನ್ನೊಂದು ಮನೆಗೆ. ಅದರಲ್ಲಿ ಎಲ್ಲಕ್ಕಿಂತ ಮೇಲೆ ಅವಳ ಹೆಸರು. ಅವಳ ಕೆಳಗೆ ಎರಡು ಬಾಕ್ಸ್. ಒಂದರಲ್ಲಿ ಮುತ್ತಜ್ಜ. ಇನ್ನೊಂದರಲ್ಲಿ ಬರೆಯಲು ಹೆಸರಿಲ್ಲ, ಅದಕ್ಕೆ 'ಮಗಳು, ಹಳೇಬೀಡು, 1877' ಅಂತ ಹಾಕಿದೆ.

ಎರಡನ್ನೂ ಅತ್ತೆಗೆ ಕಳಿಸಿದೆ. ಬೆಳಿಗ್ಗೆ ವಾಯ್ಸ್ ಮೆಸೇಜ್ ಬಂದಿತ್ತು.

'ನೋಡ್ದೆ ಕಣೋ. ನನ್ನ ಇನಿಷಿಯಲ್ ನಮ್ಮನೆಯೋರ್ದು ಹಾಕಿದ್ದೀಯ. ಅಲ್ಲಿ ನಮ್ಮಪ್ಪನ ಇನಿಷಿಯಲ್ ಬರಬೇಕು.'

ಆಧಾರ್‌ನಲ್ಲಿ ಇರುವ ಹಾಗೇ ಇರಬೇಕು ಅತ್ತೆ, ಇಲ್ಲಾಂದ್ರೆ ನಾಡಕಚೇರಿಯಲ್ಲಿ ವಾಪಸ್ ಬರುತ್ತೆ ಅಂತ ಬರೆದೆ.

'ಹಂಗಾದ್ರೆ ಅದು ಇರ್ಲಿ ಬಿಡು. ಮುಂದಿನ ಸಲ ಹೆಳವರು ಬಂದಾಗ ಫೋನ್ ಮಾಡು, ನಾನೇ ಬರ್ತೀನಿ. ಅವರ ಪುಸ್ತಕದಲ್ಲಿ ಸರಿಯಾಗಿ ಬರೆಸಬೇಕು.'